ಗ್ಯಾರೇಜಿನ ಚಿಕ್ಕಪ್ಪನಿಗೆ

ಹಲಸೂರು

ಪ್ರೀತಿಯ ಚಿಕ್ಕಪ್ಪ,

"ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ಕ್ಯಾನ್ಸರ್ ತರಿಸಿ ನಿಮಗೇನು ಸಿಗುತ್ತೆ?" ಅಂತ ಕೇಳಿದ್ದೆಯಲ್ಲ. ಉತ್ತರ ನಿನ್ನ ಶಿವಾಜಿನಗರದ ಗ್ಯಾರೇಜಿಗೂ ಸೇರಿದ್ದು. ಅದಕ್ಕೇ ಈ ಪತ್ರ.

ಚಿಮಣಿ ಗುಡಿಸುವವರ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದ. ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಹಚ್ಚಿ ಗಡ್ಡೆ ಬರಿಸಿದ್ದು 1915ರ ಹೊತ್ತಿಗೆ. 1963ರಲ್ಲಿ ಇಸ್ರೇಲಿನ ಬರ್ವಾಲ್ಡ್ ಮತ್ತು ಸ್ಯಾಕ್ಸ್ ಈ ಪ್ರಯೋಗವನ್ನು ತಟ್ಟೆಗೇ ಇಳಿಸಿದರು. ಹ್ಯಾಮ್‌ಸ್ಟರ್ ಭ್ರೂಣದ ಜೀವಕೋಶಗಳಿಗೆ, ಮಸಿ-ಡಾಂಬರಿನಲ್ಲಿರುವ ಬೆಂಜೊಪೈರೀನಿನಂಥ ರಾಸಾಯನಿಕ ಹಾಕಿ, ಅವು ಹೇಗೆ ಬೆಳೆಯುತ್ತವೆಂದು ನೋಡಿದರು. ಆರೋಗ್ಯವಾಗಿರುವ ಜೀವಕೋಶಗಳು ಒಂದೇ ಪದರದಲ್ಲಿ, ಸಾಲಾಗಿ ಹರಡುತ್ತವೆ. ಕೆಟ್ಟವು ಅಡ್ಡಾದಿಡ್ಡಿಯಾಗಿ ಒಂದರ ಮೇಲೊಂದು ಏರುತ್ತವೆ. ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಡಿ ಗುರುತು ಹತ್ತುತ್ತದೆ. ಇಂದಿಗೂ ಸುಮಾರು ಒಂದು ವಾರದಲ್ಲಿ ಮುಗಿಯುವ ಪರೀಕ್ಷೆ ಅದು.

ನನಗೆ ಮರೆಯಲಾಗದ ಸಂಗತಿ ಇನ್ನೊಂದಿದೆ. ಬೆಂಜೊಪೈರೀನ್ ಬಂದ ರೂಪದಲ್ಲಿ ಅಷ್ಟು ಅಪಾಯಕಾರಿಯಲ್ಲ. ಅದನ್ನು ಹೊರಹಾಕಲೆಂದು ನಮ್ಮ ಕಿಣ್ವಗಳೇ ಅದನ್ನು ಬದಲಿಸುತ್ತವೆ, ಬದಲಾದ ರೂಪ ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ.

ತಟ್ಟೆಯ ಮಾತೇ ಕೊನೆಯ ತೀರ್ಪಲ್ಲ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಅನ್ನಪೂರ್ಣಿ ರಂಗರಾಜನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಇಲಿಯ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶ ಕೆಡಲು ಎರಡು ಸಂಕೇತ ಮಾರ್ಗಗಳು ತಪ್ಪಿದರೆ ಸಾಕು, ಮನುಷ್ಯನದಕ್ಕೆ ಆರು ತಪ್ಪಬೇಕು. ನಮ್ಮ ದೇಹ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಆದರೆ ದಿನವೂ ಅದೇ ವಿಷ ತಾಗುತ್ತಿದ್ದರೆ ಆ ಕಾವಲೂ ಒಂದೊಂದಾಗಿ ಕಳಚಬಹುದು. ಚಿಮಣಿಯವರ ವಿಷಯದಲ್ಲಿ ಸಾಕ್ಷಿಯಾದದ್ದು ಕೆಲಸಗಾರರ ಮೈ. ಮುಂದಿನ ರಾಸಾಯನಿಕಕ್ಕೆ ಹಾಗಾಗಬಾರದೆಂದೇ ನಾವು ತಟ್ಟೆಯನ್ನು ಮೊದಲು ಕೇಳುತ್ತೇವೆ.

ಓಡಿ ಕರಕಾದ ಎಂಜಿನ್ ಆಯಿಲಿನಲ್ಲಿ ಅದೇ ಬೆಂಜೊಪೈರೀನ್ ಸೇರಿರುತ್ತದೆ. ಡೀಸೆಲ್ ಹೊಗೆಯನ್ನು 2012ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದಾರೆ. ಹಾಗಾಗಿ ಆಯಿಲ್ ಬದಲಿಸುವಾಗ ನೈಟ್ರೈಲ್ ಗ್ಲೌಸ್ ಹಾಕಿಕೋ. ಪೆಟ್ರೋಲಿನಲ್ಲಿ ಕೈ ತೊಳೆಯಬೇಡ, ಅದರಲ್ಲಿ ಬೆಂಜೀನ್ ಇದೆ, ಸೋಪು ಸಾಕು. ಎಣ್ಣೆಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಬೇಡ. ಕೆಲಸಕ್ಕಿರುವ ಹುಡುಗರಿಗೂ ಇದನ್ನೇ ಕಲಿಸು. ಅವರು ಇನ್ನೂ ಎಷ್ಟೋ ವರ್ಷ ಆ ಎಣ್ಣೆಯಲ್ಲೇ ದುಡಿಯಬೇಕಾದವರು. ಗ್ಲೌಸಿನ ಪೆಟ್ಟಿಗೆ ನಾನೇ ತಂದುಕೊಡುತ್ತೇನೆ, ನೀನು ಹಾಕಿಕೊಂಡರೆ ಸಾಕು.

ನಿನ್ನ ಮಗಳಂಥವಳು