ನಕಲು ತಡೆದ ಮಾತ್ರೆ

ಅಜ್ಜನ ಸೊಂಟಕ್ಕೆ ಸರ್ಪಸುತ್ತು ಎದ್ದ ಎರಡು ವಾರಕ್ಕೆ ಮೊಮ್ಮಗನ ಮೈತುಂಬ ಸೀತಾಳೆ ಸಿಡುಬಿನ ನೀರುಗುಳ್ಳೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಒಂದೇ ತಿಂಗಳು. ತಾಯಿಗೆ ದಿಕ್ಕು ತೋಚಲಿಲ್ಲ.

ಎರಡಕ್ಕೂ ವೈರಸ್ ಒಂದೇ ಎಂದರು ವೈದ್ಯರು. ಬಾಲ್ಯದ ಸಿಡುಬಿನ ವೈರಸ್ ಅಜ್ಜನ ನರದಲ್ಲಿ ಅಡಗಿದ್ದು, ಮುಪ್ಪಿನಲ್ಲಿ ಎದ್ದು, ಗುಳ್ಳೆಯ ನೀರಿನಿಂದ ಮೊಮ್ಮಗನಿಗೆ ದಾಟಿತ್ತು.

ಈ ವೈರಸ್ಸಿನೊಳಗೆ ಇರುವುದು ಸುಮಾರು 1,25,000 ಬೇಸ್ ಜೋಡಿಗಳ ಡಿಎನ್ಎ. ಅದು ತಾನಾಗಿ ವೃದ್ಧಿಸಲಾರದು. ಜೀವಕೋಶ ಹೊಕ್ಕ ವೈರಸ್ ಕೋಶಕೇಂದ್ರದ ರಂಧ್ರದ ಮೂಲಕ ಡಿಎನ್ಎಯನ್ನು ಒಳಗಿಳಿಸುತ್ತದೆ. ಕೂಡಲೇ ನಕಲು ಶುರುವಾಗದು. ಮೊದಲು ನಮ್ಮ ಕೋಶದ ಕಿಣ್ವವೇ ಅದನ್ನು ತನ್ನದೆಂಬಂತೆ ಓದುತ್ತದೆ. ವೈರಸ್ಸಿನ ಪ್ರೋಟೀನುಗಳು ತಯಾರಾಗುತ್ತವೆ. ಒಂದು ಪ್ರೋಟೀನು ಡಿಎನ್ಎಯ ಗೊತ್ತಾದ ಜಾಗದಲ್ಲಿ ಕೂರುತ್ತದೆ, ಅಲ್ಲಿ ಎಳೆಗಳು ಬಿಚ್ಚಿಕೊಳ್ಳುತ್ತವೆ. ಇನ್ನೊಂದು, ಡಿಎನ್ಎ ಪಾಲಿಮರೇಸ್, ಪ್ರತಿ ತೆಗೆಯುತ್ತದೆ.

ವೈದ್ಯರು ಕೊಟ್ಟ ಅಸೈಕ್ಲೊವಿರ್ ಮಾತ್ರೆ ಡಿಎನ್ಎಯ ಬಿಡಿಭಾಗದ ವೇಷದಲ್ಲಿ ಎಳೆಗೆ ಸೇರಿ ಅದನ್ನು ಅಲ್ಲಿಗೇ ಮೊಟಕುಗೊಳಿಸುತ್ತದೆ. ಔಷಧಿಯನ್ನು ಚುರುಕುಗೊಳಿಸುವುದೂ ವೈರಸ್ಸಿನದೇ ಕಿಣ್ವ! ಆದ್ದರಿಂದ ಸೋಂಕಿಲ್ಲದ ಕೋಶಕ್ಕೆ ತೊಂದರೆ ಕಡಿಮೆ.

ಗುಳ್ಳೆ ಕಂಡ ದಿನವೇ ಮಾತ್ರೆ ಶುರುವಾದದ್ದು ಒಳ್ಳೆಯದಾಯಿತು. ಒಳಗಿನ ನಕಲಿಗೆ ತಡೆ ಬಿತ್ತು. ಹುಡುಗ ನಕಲಿಲ್ಲದೆ ಪರೀಕ್ಷೆ ಬರೆದ.