ಮೂರನೆಯ ಅಂಕಿ

ಡೊಂಬಿವಲಿಯಿಂದ ಕುಂದಾಪುರಕ್ಕೆ ಹೊರಟಾಗ ಅವರ ಲೆಕ್ಕ ಹನ್ನೆರಡು ದಿನದ್ದು. ತಮ್ಮನ ಮಗಳ ಮದುವೆ, ಮದುವೆಯ ಮರುದಿನಗಳ ಊಟೋಪಚಾರ, ಆಮೇಲೆ ಮತ್ಸ್ಯಗಂಧ ಹತ್ತಿ ವಾಪಸ್. ಬೆಳಗಿನ ಗುಳಿಗೆಯನ್ನು ಅಷ್ಟೇ ಎಣಿಸಿ ಡಬ್ಬಿಗೆ ಹಾಕಿಕೊಂಡಿದ್ದರು. ಮುಂಬೈ ಕಡೆ ನಲವತ್ತು ವರ್ಷ ಸಂಸಾರ ಮಾಡಿದವರು ಮೇ ತಿಂಗಳಲ್ಲಿ ತವರಿಗೆ ಹೋಗಿ ಹನ್ನೆರಡು ದಿನಕ್ಕೆ ಹಿಂದಿರುಗಿದ್ದನ್ನು ಯಾರೂ ಕಂಡಿಲ್ಲ. ಹಲಸಿನ ಹಪ್ಪಳ ಒಣಗಬೇಕಿತ್ತು, ಮಳೆ ಹಿಡಿಯುವುದರೊಳಗೆ ಇನ್ನಿಬ್ಬರು ನೆಂಟರನ್ನು ನೋಡಬೇಕಿತ್ತು. ಟಿಕೆಟ್ ಕ್ಯಾನ್ಸಲ್ ಆಯಿತು. ಗುಳಿಗೆ ಮುಗಿಯಿತು.

ಮುಗಿದದ್ದು ಒಂದೇ, ಎರಡಲ್ಲ. ಅವರ ಭಾಷೆಯಲ್ಲಿ ಎರಡು 'ಬಿ.ಪಿ. ಗುಳಿಗೆ'ಗಳಿದ್ದವು: ಬೆಳಗಿನದೊಂದು, ರಾತ್ರಿಯದೊಂದು. ರಾತ್ರಿಯದು ಹದಿನೈದರ ಪಟ್ಟಿಯಲ್ಲಿ ಬರುತ್ತಿತ್ತು, ಇನ್ನೊಂದು ಪಟ್ಟಿ ಬ್ಯಾಗಿನ ತಳದಲ್ಲೇ ಇತ್ತು. ಪೇಟೆಯ ಮೆಡಿಕಲ್‌ನಲ್ಲಿ ಬೆಳಗಿನದರ ಹೆಸರು ಹೇಳಿದರೆ ಆ ಕಂಪನಿಯದು ಇಲ್ಲ ಎಂದರು. ಬೇರೆ ಕಂಪನಿಯದನ್ನು ಕೊಡಲು ಬಂದಾಗ, ಬಣ್ಣ ಬೇರೆ, ಆಕಾರ ಬೇರೆ, ಬೇಡ ಎಂದುಬಿಟ್ಟರು. ತಮ್ಮನ ಮನೆಯಲ್ಲಿ ತೋಳಿಗೆ ಸುತ್ತುವ ಬಿ.ಪಿ. ಮಷಿನ್ ಇತ್ತು. ಎರಡು ದಿನ ನೋಡಿದರು: 128/80, 130/82. "ಒಂದು ಗುಳಿಗೆಯಲ್ಲೇ ಕಂಟ್ರೋಲ್ ಆಗ್ತದಲ್ಲ ಅಕ್ಕ, ಇನ್ನೊಂದು ಎಂತಕ್ಕೆ?" ಎಂದ ತಮ್ಮ. ಅವರಿಗೂ ಅದು ಸರಿಯೆನಿಸಿತು. ಗುಳಿಗೆ ಕಡಿಮೆಯಾದರೆ ಯಾರಿಗೆ ತಾನೆ ಬೇಜಾರು?

ಗುಳಿಗೆಯಿಲ್ಲದ ಐದನೆಯ ದಿನ, ತೋಟದಿಂದ ಅಂಗಳಕ್ಕೆ ಏರುವ ಹತ್ತು ಮೆಟ್ಟಿಲಿನಲ್ಲಿ ಎದೆ ಹಿಡಿದುಕೊಂಡಿತು. ಎದೆಯ ನಡುವೆ ಯಾರೋ ಮಣೆಯಿಟ್ಟು ಕೂತಂತೆ. ಗ್ಯಾಸ್ ಇರಬಹುದೆಂದು ಜೀರಿಗೆ ನೀರು ಕುಡಿದರು, ಸೋಡಾ ತರಿಸಿದರು. ಎದೆನೋವಿಗೆ ಮೊದಲ ಅರ್ಧ ಗಂಟೆಯನ್ನು ಗ್ಯಾಸಿಗೆ ಮೀಸಲಿಡುವುದು ನಮ್ಮಲ್ಲಿ ಬಹುತೇಕ ಶಾಸ್ತ್ರವೇ ಆಗಿಬಿಟ್ಟಿದೆ. ಕೊನೆಗೆ 108ಕ್ಕೆ ಫೋನ್ ಮಾಡಿದ್ದು ಮದುಮಗಳ ತಂಗಿ.

ಆಸ್ಪತ್ರೆಯಲ್ಲಿ ಇ.ಸಿ.ಜಿ. ಬದಲಾಗಿತ್ತು. ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಿದ ರಕ್ತಪರೀಕ್ಷೆಯಲ್ಲಿ ಹೃದಯದ ಸ್ನಾಯುವಿಗೆ ಪೆಟ್ಟಾದ ಗುರುತು ಇರಲಿಲ್ಲ. ಹೃದಯಾಘಾತ ಅಲ್ಲ, ಅದರ ಹೊಸ್ತಿಲು. ವೈದ್ಯೆ ಎರಡು ಪ್ರಶ್ನೆ ಕೇಳಿದರು: ಯಾವ ಗುಳಿಗೆ ನಿಲ್ಲಿಸಿದ್ದು, ನಾಡಿ ಎಷ್ಟಿತ್ತು? ನಾಡಿ ಯಾರೂ ನೋಡಿರಲಿಲ್ಲ. ತಮ್ಮ ಮನೆಗೆ ಹೋಗಿ ಮಷಿನ್ನಿನ ಮೆಮೊರಿ ಒತ್ತಿ ನೋಡಿದ. ಊರಿಗೆ ಬಂದ ಹೊಸತರಲ್ಲಿ ಪರದೆಯ ಕೆಳಗಿನ ಸಣ್ಣ ಅಂಕಿ 62. ಗುಳಿಗೆ ಬಿಟ್ಟ ಮೂರನೆಯ ದಿನ 96. ಮೇಲಿನ ಎರಡು ಅಂಕಿ ಓದಿ ಸಮಾಧಾನಪಟ್ಟವರು ಮೂರನೆಯದನ್ನು ಓದಿರಲೇ ಇಲ್ಲ.

ರಾತ್ರಿಯ ಗುಳಿಗೆ ಅಮ್ಲೋಡಿಪಿನ್. ರಕ್ತನಾಳಗಳನ್ನು ಸಡಿಲಿಸುವುದು ಅದರ ಕೆಲಸ, ಅದನ್ನು ಅದು ಮಾಡುತ್ತಲೇ ಇತ್ತು. ಹಾಗಾಗಿಯೇ ಬಿ.ಪಿ. ಏರಿರಲಿಲ್ಲ. ಬೆಳಗಿನದು ಮೆಟೊಪ್ರೊಲಾಲ್, ಬೀಟಾ ಬ್ಲಾಕರ್ ಎಂಬ ಗುಂಪಿನದು. ಏಳು ವರ್ಷದ ಹಿಂದೆ ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಎದೆನೋವು ಬಂದು, ಆಂಜಿಯೋಗ್ರಾಮ್‌ನಲ್ಲಿ ಒಂದು ನಾಳ ಕಿರಿದಾಗಿದೆ ಎಂದು ಗೊತ್ತಾದಾಗ ಶುರುವಾದದ್ದು. ಬಿ.ಪಿ. ಇಳಿಸುವುದು ಅದರ ಒಂದು ಕೆಲಸ ಮಾತ್ರ. ಅವರ ಪಾಲಿಗೆ ದೊಡ್ಡ ಕೆಲಸ ಇನ್ನೊಂದಿತ್ತು, ಆ ಕೆಲಸಕ್ಕೆ ಮನೆಯಲ್ಲಿ ಹೆಸರೇ ಇರಲಿಲ್ಲ. ಹೆಸರಿಲ್ಲದ್ದನ್ನು ಕೈಬಿಡುವುದು ಸುಲಭ.

ಆ ಇನ್ನೊಂದು ಕೆಲಸ ಹೊಳೆದದ್ದು ಜೇಮ್ಸ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿಗೆ. ಅಡ್ರಿನಲಿನ್ ಬಂದು ಕೂರುವ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ ಇವೆ ಎಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲೇ ಬರೆದಿದ್ದ. ಕಿರಿದಾದ ನಾಳಕ್ಕೆ ಹೆಚ್ಚು ರಕ್ತ ನುಗ್ಗಿಸುವುದು ಹೇಗೆಂದು ಉಳಿದವರು ತಲೆ ಕೆಡಿಸಿಕೊಂಡಿದ್ದಾಗ ಬ್ಲ್ಯಾಕ್ ತಿರುಗಿಸಿ ಕೇಳಿದ: ಹೃದಯಕ್ಕೆ ಬೇಕಾಗುವ ಆಮ್ಲಜನಕವನ್ನೇ ಕಡಿಮೆ ಮಾಡಿದರೆ? ಸಂಬಳ ಏರದಿದ್ದಾಗ ಖರ್ಚು ಇಳಿಸುವ ಗೃಹಿಣಿಯ ಬುದ್ಧಿ ಅದು. ಬೀಟಾ ಗ್ರಾಹಕಗಳನ್ನು ಮುಚ್ಚಿದರೆ ಹೃದಯ ನಿಧಾನವಾಗಿ, ಮೆತ್ತಗೆ ಬಡಿಯುತ್ತದೆ, ಏರು ಹತ್ತಿದರೂ ಗಾಬರಿಬಿದ್ದು ಓಡುವುದಿಲ್ಲ. 1960ರ ದಶಕದ ನಡುವಿಗೆ ಪ್ರೊಪ್ರನೊಲಾಲ್ ಬಳಕೆಗೆ ಬಂತು. 1988ರಲ್ಲಿ ಬ್ಲ್ಯಾಕ್‌ಗೆ ನೊಬೆಲ್ ಬಂತು.

ಆದರೆ ದೇಹ ಸುಮ್ಮನೆ ಕೂರುವುದಿಲ್ಲ. ವರ್ಷಗಟ್ಟಲೆ ಗ್ರಾಹಕಗಳನ್ನು ಮುಚ್ಚಿಟ್ಟರೆ ಅದು ಹೊಸ ಗ್ರಾಹಕಗಳನ್ನು ಮಾಡಿಕೊಳ್ಳುತ್ತದೆ, ಮಾತು ಕೇಳಿಸದಾದಾಗ ಕಿವಿಗಳನ್ನೇ ಹೆಚ್ಚಿಸಿಕೊಂಡಂತೆ. ಗುಳಿಗೆ ಇರುವವರೆಗೆ ತೊಂದರೆಯಿಲ್ಲ. ಒಮ್ಮೆಲೆ ಬಿಟ್ಟರೆ ಅದೇ ಅಡ್ರಿನಲಿನ್ ಅಷ್ಟೂ ಕಿವಿಗಳಿಗೆ ಕೂಗಿದಂತಾಗುತ್ತದೆ. ನಾಡಿ ಓಡುತ್ತದೆ, ನಾಳ ಕಿರಿದಾದವರಿಗೆ ಎದೆನೋವು ಮರಳುತ್ತದೆ, ಕೆಲವರಿಗೆ ಹೃದಯಾಘಾತವೇ ಆಗಬಹುದು. 1970ರ ದಶಕದ ನಡುವಿನಲ್ಲೇ ವೈದ್ಯರು ಇದನ್ನು ಗುರುತಿಸಿ ಬರೆದರು. ಅಮೆರಿಕದಲ್ಲಿ ಈ ಗುಂಪಿನ ಕೆಲವು ಗುಳಿಗೆಗಳ ವಿವರಪತ್ರದಲ್ಲಿ ಚೌಕಟ್ಟು ಹಾಕಿ ಈ ಎಚ್ಚರಿಕೆ ಅಚ್ಚಾಗುತ್ತದೆ. ನಮ್ಮ ಮೆಡಿಕಲ್‌ಗಳಲ್ಲಿ ಪಟ್ಟಿಯನ್ನು ಕತ್ತರಿಸಿ ಆರು ಗುಳಿಗೆ ಕಾಗದದ ಚೀಟಿಗೆ ಹಾಕಿಕೊಡುವಾಗ ಯಾವ ಚೌಕಟ್ಟೂ ಜೊತೆಗೆ ಬರುವುದಿಲ್ಲ. ಡೊಂಬಿವಲಿಯ ಡಾಕ್ಟರು ಏಳು ವರ್ಷವೂ ಹೇಳಿದ್ದು 'ಚಾಲೂ ಠೇವಾ' ಎಂದು. ಮುಂದುವರಿಸಿ ಎನ್ನುವುದಕ್ಕೂ ಒಮ್ಮೆಲೆ ಬಿಡಬೇಡಿ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ, ಯಾವ ಭಾಷೆಯಲ್ಲಾದರೂ.

ಬಿಡಲೇಬಾರದು ಎಂದೇನಿಲ್ಲ. ಬರೀ ಬಿ.ಪಿ. ಇದ್ದು ಬೇರೆ ಹೃದಯದ ತೊಂದರೆ ಇಲ್ಲದವರಿಗೆ ಈ ಗುಂಪು ಈಗ ಮೊದಲ ಆಯ್ಕೆಯೂ ಅಲ್ಲ, ಬ್ರಿಟನ್ನಿನ ಮಾರ್ಗಸೂಚಿ 2006ರಲ್ಲೇ ಅದನ್ನು ಹಿಂದಕ್ಕೆ ಸರಿಸಿತು. ಬದಲಾಯಿಸುವುದಿದ್ದರೆ ವೈದ್ಯರು ಒಂದೆರಡು ವಾರದಲ್ಲಿ ಹಂತಹಂತವಾಗಿ ಇಳಿಸುತ್ತಾರೆ, ಆ ದಿನಗಳಲ್ಲಿ ಹೆಚ್ಚು ಶ್ರಮ ಬೇಡ ಎನ್ನುತ್ತಾರೆ. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗುವುದು ಸಲ್ಲ. ಹಲವು ದಿನ ಬಿಟ್ಟುಹೋಗಿದ್ದರೆ ತಾವಾಗಿಯೇ ಮತ್ತೆ ಶುರು ಮಾಡದೆ ಕೇಳಿಕೊಳ್ಳಬೇಕು.

ಆಸ್ಪತ್ರೆಯಿಂದ ಬಿಡುವ ದಿನ ವೈದ್ಯೆ ಖಾಲಿ ಪಟ್ಟಿಯನ್ನು ತಿರುವಿ ಸಣ್ಣಕ್ಷರ ತೋರಿಸಿದರು. ಕಂಪನಿಯ ಹೆಸರು ಯಾವುದೇ ಇರಲಿ, ಔಷಧದ ಹೆಸರು '-ಒಲಾಲ್' ಎಂದು ಮುಗಿದರೆ ಈ ಗುಂಪಿನದೇ ಎಂದು ಹೆಚ್ಚುಕಡಿಮೆ ಹೇಳಬಹುದು: ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್. ವಿಶ್ವ ಆರೋಗ್ಯ ಸಂಸ್ಥೆ ಔಷಧಗಳಿಗೆ ಹೆಸರಿಡುವಾಗ ಪಾಲಿಸುವ ಪ್ರತ್ಯಯ ಅದು, ನಮ್ಮ ವಿಭಕ್ತಿಗಳ ಹಾಗೆ ಬಾಲದಲ್ಲಿ ಅರ್ಥ. ಕಾರ್ವೆಡಿಲಾಲ್, ಲಬೆಟಲಾಲ್ ಬಾಲ ತುಸು ತಿರುಗಿಸಿಕೊಂಡ ದಾಯಾದಿಗಳು. ಅಟೆನೊಲಾಲ್ ಮತ್ತು ಅಮ್ಲೋಡಿಪಿನ್ ಒಂದೇ ಗುಳಿಗೆಯಲ್ಲಿ ಸೇರಿಯೂ ಬರುವುದರಿಂದ ಗೊತ್ತಿಲ್ಲದೆ ಬೀಟಾ ಬ್ಲಾಕರ್ ನುಂಗುತ್ತಿರುವವರೂ ಇದ್ದಾರೆ. ಪೇಟೆಯ ಮೆಡಿಕಲ್‌ನವರು ಕೊಡಲು ಬಂದದ್ದು ಅದೇ ಮೆಟೊಪ್ರೊಲಾಲೇ, ಕಂಪನಿ ಮಾತ್ರ ಬೇರೆ. ನೋಡಬೇಕಾದದ್ದು ಮಿಲಿಗ್ರಾಂ ಮತ್ತು ಹೆಸರಿನ ಪಕ್ಕದ ಎಕ್ಸ್‌ಎಲ್ ಅಥವಾ ಇ.ಆರ್. ಎಂಬ ಎರಡಕ್ಷರ. ಆ ಅಕ್ಷರ ಇದ್ದರೆ ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆ ಎಂದರ್ಥ. ಅದನ್ನು ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕಲಸಿ ತಿಂದರೆ ದಿನದ ಔಷಧವೆಲ್ಲ ಒಮ್ಮೆಗೇ ಇಳಿದೀತು.

ತಮ್ಮ ಬಾಗಿಲಲ್ಲೇ ನಿಂತಿದ್ದ. ಅವನಿಗೂ ಇತ್ತೀಚೆಗೆ ಬಿ.ಪಿ. ಏರುತ್ತಿತ್ತು. "ಹಾಗಾದ್ರೆ ಅಕ್ಕನ ಗುಳಿಗೆಯೇ ನಾನೂ ತಕೊಂಡ್ರೆ ಆಗ್ತದಾ ಡಾಕ್ಟ್ರೇ?" ಎಂದ. ಅವನ ಜೇಬಿನಲ್ಲಿ ಉಬ್ಬಿ ಕಾಣುತ್ತಿದ್ದ ಇನ್‌ಹೇಲರ್ ಕಡೆ ವೈದ್ಯೆ ಬೊಟ್ಟು ಮಾಡಿದರು. ಬೀಟಾ ಗ್ರಾಹಕಗಳು ಶ್ವಾಸನಾಳದಲ್ಲೂ ಇವೆ. ದಮ್ಮು ಇರುವವರಿಗೆ ಪ್ರೊಪ್ರನೊಲಾಲ್‌ನಂಥದ್ದು ಉಸಿರನ್ನೇ ಕಟ್ಟಿಸಬಹುದು. ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಅದೇ ಬಾಲದ್ದು, ಕಣ್ಣಿನಿಂದ ರಕ್ತಕ್ಕೆ ಇಳಿದು ಅದೇ ತೊಂದರೆ ಕೊಡಬಲ್ಲದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿದಾಗ ಆಗುವ ಎದೆಬಡಿತ, ನಡುಕ ಈ ಗುಳಿಗೆಯಿಂದ ಮರೆಯಾಗುತ್ತವೆ. ಬೆವರು ಮಾತ್ರ ಉಳಿಯುತ್ತದೆ, ಅದನ್ನೇ ಗಮನಿಸಬೇಕು. ನಾಡಿ 50ಕ್ಕಿಂತ ಕೆಳಗಿಳಿದು ತಲೆ ಸುತ್ತಿದರೆ ಅದೂ ತಿಳಿಸಬೇಕಾದ ವಿಷಯವೇ.

ಅವರೀಗ ಡೊಂಬಿವಲಿಯಲ್ಲಿದ್ದಾರೆ. ಮಗ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದಾನೆ. ರಾತ್ರಿಯ ಗುಳಿಗೆಯ ಮುಂದೆ 'ಬಿ.ಪಿ.' ಎಂದಿದೆ. ಬೆಳಗಿನದರ ಮುಂದೆ ಅಮ್ಮ ಹೇಳಿದಂತೆಯೇ 'ಎದೆಯದು, ಬಿಡಬಾರದ್ದು' ಎಂದು ಕನ್ನಡದಲ್ಲಿ, ಕೆಳಗೆ ಅಂಗಡಿಯವರಿಗೆಂದು ಔಷಧದ ಹೆಸರು ಇಂಗ್ಲಿಷಿನಲ್ಲಿ. ಊರಿಗೆ ಹೋಗುವ ಬ್ಯಾಗಿನಲ್ಲಿ ಎರಡು ಪಟ್ಟಿ ಹೆಚ್ಚಿಗೆ ಇರುತ್ತವೆ. ಭಾನುವಾರ ಕುಂದಾಪುರದಿಂದ ಫೋನ್ ಬಂದಾಗ ಬಿ.ಪಿ. ಇಷ್ಟು ಬೈ ಇಷ್ಟು ಎಂದು ಅವರು ಹೇಳಲು ಶುರುಮಾಡುತ್ತಾರೆ. ಅಷ್ಟರಲ್ಲಿ ಆ ಕಡೆಯಿಂದ ತಮ್ಮ ಕೇಳುತ್ತಾನೆ: "ಅದಿರ್ಲಿ ಅಕ್ಕ, ಕೆಳಗಿನದ್ದೆಷ್ಟು?"