ಚಕ್ರ ಇಳಿಸುವ ವಿದ್ಯೆ

ಬೈಕಿನ ಮುಂದಿನ ಚಕ್ರವನ್ನು ಗಾಳಿಗೆತ್ತಿ, ಹಿಂದಿನ ಒಂದೇ ಚಕ್ರದ ಮೇಲೆ ಓಡಿಸುವುದಕ್ಕೆ ಇಂಗ್ಲಿಷಿನವರು ‘ವೀಲಿ’ ಎನ್ನುತ್ತಾರೆ. ಬೆಂಗಳೂರಿನ ಹುಡುಗರ ಬಾಯಲ್ಲೂ ಪತ್ರಿಕೆಗಳ ತಲೆಬರಹದಲ್ಲೂ ಅದು ‘ವೀಲಿಂಗ್’. ಈ ಮಾತು ಕಿವಿಗೆ ಬಿದ್ದ ಕೂಡಲೇ ಹಿರಿಯರ ಹುಬ್ಬು ಗಂಟಿಕ್ಕುತ್ತದೆ, ಹದಿನಾರರ ಹುಡುಗನ ಕಣ್ಣು ಹೊಳೆಯುತ್ತದೆ. ಒಬ್ಬರಿಗೆ ಅದು ಪುಂಡಾಟ, ಇನ್ನೊಬ್ಬನಿಗೆ ಗಂಡಸುತನ. ಅದೊಂದು ಕಸುಬು, ಕಲಿಯಬೇಕಾದ ರೀತಿಯಲ್ಲಿ ಕಲಿಯಬೇಕಾದದ್ದು ಎನ್ನುವವರು ಕಡಿಮೆ. ನಾವು ಹಾಗೆನ್ನುತ್ತೇವೆ, ಏಕೆಂದರೆ ನಾವದನ್ನು ಕಲಿತಿದ್ದೇವೆ.

ನಾವು ಎಂದರೆ ನಾಲ್ವರು ಗೆಳೆಯರು. ಒಬ್ಬನದು ಗ್ಯಾರೇಜು, ಒಬ್ಬನದು ಸ್ಪೇರ್ ಪಾರ್ಟ್ಸ್ ಅಂಗಡಿ, ಉಳಿದಿಬ್ಬರು ತಿಂಗಳ ಸಂಬಳದವರು. ಯಮಹಾ ಆರ್‌ಎಕ್ಸ್ 100ರ ಸದ್ದು ಕೇಳುತ್ತ ಬೆಳೆದ ತಲೆಮಾರು ನಮ್ಮದು. 1985ರಲ್ಲಿ ಬಂದು 1996ರಲ್ಲಿ ತಯಾರಿಕೆ ನಿಂತ ಆ ಪುಟ್ಟ ಗಾಡಿ ಬೆಂಗಳೂರಿನ ಗಲ್ಲಿಗಳಲ್ಲಿ ಇಂದಿಗೂ ಸತ್ತಿಲ್ಲ. ಆದರೆ ನಾವು ವೀಲಿಂಗ್ ಕಲಿತದ್ದು ಮೂವತ್ತು ದಾಟಿದ ಮೇಲೆ, ನಾಲ್ವರೂ ದುಡ್ಡು ಹಾಕಿ ಕೊಂಡ ಸೆಕೆಂಡ್ ಹ್ಯಾಂಡ್ ಕೆಟಿಎಂ ಆರ್‌ಸಿ 390 ಎಂಬ ಸ್ಪೋರ್ಟ್ಸ್ ಬೈಕಿನ ಮೇಲೆ. ನಮ್ಮಲ್ಲೊಬ್ಬನ ಸೋದರಮಾವನದು ನಗರದ ಹೊರಗೆ ಮುಚ್ಚಿಹೋದ ಒಂದು ಕಾರ್ಖಾನೆಯಿತ್ತು. ಅದರ ಅಂಗಳ ನಮ್ಮ ಶಾಲೆಯಾಯಿತು. ಸುತ್ತ ಗೋಡೆ, ಮುಂದೆ ಗೇಟು, ನೆಲಕ್ಕೆ ಕಾಂಕ್ರೀಟು. ಕಲಿಸಿದವರು ವಯಸ್ಸಾದ ಒಬ್ಬ ಮೆಕ್ಯಾನಿಕ್. ಹರೆಯದಲ್ಲಿ ಜಾತ್ರೆಗಳ ‘ಮೌತ್ ಕಾ ಕುವಾ’ದಲ್ಲಿ, ಅಂದರೆ ಹಲಗೆಯ ಗೋಡೆ ಕಟ್ಟಿದ ಸಾವಿನ ಬಾವಿಯಲ್ಲಿ, ಬೈಕ್ ಓಡಿಸಿ ಹೊಟ್ಟೆ ಹೊರೆದವರು. ಅವರನ್ನು ನಾವು ಉಸ್ತಾದ್ ಎನ್ನುತ್ತಿದ್ದೆವು.

ಮೊದಲ ಭಾನುವಾರ ಉಸ್ತಾದ್ ಎಂಜಿನ್ ಸ್ಟಾರ್ಟ್ ಮಾಡಲು ಬಿಡಲೇ ಇಲ್ಲ. ಹೆಲ್ಮೆಟ್, ದಪ್ಪ ಜಾಕೆಟ್, ಕೈಗವಸು, ಪಾದದ ಗಂಟು ಮುಚ್ಚುವ ಬೂಟು ಇಲ್ಲದವನಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಚೈನು ಎಷ್ಟು ಸಡಿಲವಿದೆ ಎಂದು ನೋಡಿದರು. ಹಿಂದಿನ ಬ್ರೇಕಿಗೆ ಹೊಸ ಪ್ಯಾಡ್ ಹಾಕಿಸಿದರು. ಆಮೇಲೆ ಒಬ್ಬೊಬ್ಬರನ್ನೇ ಬೈಕಿನ ಮೇಲೆ ಕೂರಿಸಿ ಬಲಗಾಲಿನ ಪಾಠ ಶುರು ಮಾಡಿದರು. ಆ ಕಾಲು ಸದಾ ಹಿಂದಿನ ಬ್ರೇಕಿನ ಮೇಲಿರಬೇಕು, ಯಾವ ಕಾರಣಕ್ಕೂ ಕದಲಬಾರದು. “ಎತ್ತೋದು ಎಂಜಿನ್ ಕೆಲಸ ಬೇಟಾ, ಇಳಿಸೋದು ನಿನ್ನ ಕೆಲಸ” ಎನ್ನುತ್ತಿದ್ದರು. ಅವರ ಇಡೀ ವಿದ್ಯೆ ಈ ಒಂದು ಮಾತಿನಲ್ಲಿತ್ತು.

ಇದರ ಲೆಕ್ಕ ಕಷ್ಟದ್ದೇನಲ್ಲ. ಹಿಂದಿನ ಚಕ್ರ ಜೋರಾಗಿ ತಳ್ಳಿದಾಗ ಭಾರ ಹಿಂದಕ್ಕೆ ಸರಿಯುತ್ತದೆ. ತಳ್ಳು ಸಾಕಷ್ಟು ಬಲವಾಗಿದ್ದರೆ ಮುಂದಿನ ಚಕ್ರದ ಮೇಲೆ ಭಾರವೇ ಉಳಿಯದೆ ಅದು ಏಳುತ್ತದೆ. ಶಕ್ತಿಯಿರುವ ಗಾಡಿ ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದರೇ ಏಳುತ್ತದೆ. ಶಕ್ತಿ ಸಾಲದ್ದಕ್ಕೆ ಕ್ಲಚ್ ಹಿಡಿದು, ಎಂಜಿನ್ ರೇಸ್ ಮಾಡಿ, ಥಟ್ಟನೆ ಬಿಡಬೇಕು. ಏರುತ್ತ ಏರುತ್ತ, ಗಾಡಿ ಮತ್ತು ಸವಾರನ ಒಟ್ಟು ಭಾರ ಹಿಂದಿನ ಚಕ್ರದ ನೇರ ಮೇಲೆ ಬಂದು ನಿಲ್ಲುವ ಒಂದು ಹಂತವಿದೆ. ಅಲ್ಲಿ ಬೈಕ್ ತಕ್ಕಡಿಯ ಮುಳ್ಳಿನಂತೆ ತೂಗುತ್ತದೆ. ಅದಕ್ಕಿಂತ ತುಸು ಹಿಂದೆ ವಾಲಿದರೆ ಗಾಡಿ ಸವಾರನ ಮೇಲೆಯೇ ಮಗುಚುತ್ತದೆ. ಹಿಂದಕ್ಕೆ ಬೀಳುವವನು ಹ್ಯಾಂಡಲ್ಲಿಗೆ ಜೋತುಬೀಳುತ್ತಾನೆ, ಜೋತುಬಿದ್ದ ಕೈ ಆಕ್ಸಿಲರೇಟರನ್ನು ಇನ್ನೂ ತಿರುವುತ್ತದೆ. ಆ ಗಳಿಗೆಯಲ್ಲಿ ಉಳಿಸುವುದು ಹಿಂದಿನ ಬ್ರೇಕು. ಅದನ್ನು ಒತ್ತಿದರೆ ಗಾಡಿಯ ಮೂತಿ ಕೆಳಗೆ ಬರುತ್ತದೆ.

ಹಾಗಾಗಿ ನಾಲ್ಕು ಭಾನುವಾರ ನಮಗೆ ಒಂದೇ ಪಾಠ: ಒಂದು ಗೇಣು ಎತ್ತು, ಬ್ರೇಕ್ ಒತ್ತು, ಇಳಿಸು. ಬೇಸರ ಬರುವಷ್ಟು, ಕಾಲು ತಾನಾಗಿಯೇ ಒತ್ತುವಷ್ಟು. ಇಳಿಯುವಾಗ ಹ್ಯಾಂಡಲ್ ನೇರವಿರಬೇಕು, ಓರೆಯಾಗಿ ನೆಲ ಮುಟ್ಟಿದರೆ ಅದು ಎಡಕ್ಕೂ ಬಲಕ್ಕೂ ಬಡಿದಾಡಿ ಸವಾರನನ್ನು ಎಸೆಯುತ್ತದೆ. ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ತಗ್ಗಿನಲ್ಲಿರುವುದರಿಂದ ಸವಾರನ ಭಾರವೂ ಮುಂದಿರುತ್ತದೆ. ಸಾಮಾನ್ಯ ಬೈಕಿಗಿಂತ ಇದನ್ನು ತೂಗಿಸುವುದು ಕಷ್ಟ. ಅಂಗಳದ ಒಂದು ತುದಿಯಿಂದ ಇಪ್ಪತ್ತು ಮೀಟರು ಚಕ್ರ ಇಳಿಯದಂತೆ ಹೋಗಲು ನಮಗೆ ತಿಂಗಳುಗಳೇ ಹಿಡಿದವು. ಅದರಲ್ಲಿ ಸುಖವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ನೆಲ ಮರೆಯಾಗಿ, ಎದುರಿಗೆ ಬರೀ ಆಕಾಶ ಉಳಿದು, ಇಡೀ ಮೈ ಒಂದು ಪಾದದಲ್ಲಿ ಬಂದು ಕೂರುವ ಆ ಮೂರು ಸೆಕೆಂಡು ಮನಸ್ಸಿನಲ್ಲಿ ಸಾಲವಿಲ್ಲ, ಬಾಡಿಗೆಯಿಲ್ಲ.

ಗಾಡಿಯೂ ತನ್ನ ಲೆಕ್ಕ ಕೇಳುತ್ತದೆ. ಕ್ಲಚ್ ಪ್ಲೇಟು ಸುಡುತ್ತದೆ, ಮುಂದಿನ ಫೋರ್ಕಿನ ಆಯಿಲ್ ಸೀಲು ಸೋರುತ್ತದೆ, ಹ್ಯಾಂಡಲ್ಲಿನ ಬೇರಿಂಗು ಸವೆಯುತ್ತದೆ. ಹೆಚ್ಚು ಹೊತ್ತು ಎತ್ತಿಯೇ ಇಟ್ಟರೆ ಆಯಿಲ್ ಹಿಂದಕ್ಕೆ ಹರಿದು ಪಂಪು ಗಾಳಿ ಎಳೆಯುವ ಅಪಾಯವೂ ಇದೆ. 1991ರಲ್ಲಿ ಜಪಾನಿನ ಯಸುಯುಕಿ ಕುಡೊ ಎಂಬವರು ಚಕ್ರ ಇಳಿಸದೆ 331 ಕಿಲೋಮೀಟರ್ ಸಾಗಿದರು. ಅವರು ಅದನ್ನು ಮಾಡಿದ್ದು ವಾಹನಗಳನ್ನು ಪರೀಕ್ಷಿಸುವ, ಬೇರೆ ಯಾರೂ ಬರದ ಮೈದಾನದಲ್ಲಿ.

ಏಕೆಂದರೆ ರಸ್ತೆಯಲ್ಲಿ ಈ ವಿದ್ಯೆಗೆ ಜಾಗವಿಲ್ಲ. ಮೂತಿ ಎತ್ತಿದ ಗಾಡಿ ಸವಾರನಿಗೆ ಎದುರಿನ ನೆಲವನ್ನೇ ಮರೆಮಾಡುತ್ತದೆ. ರಾತ್ರಿ ಅದರ ಹೆಡ್‌ಲೈಟು ಆಕಾಶ ನೋಡುತ್ತದೆ, ರಸ್ತೆ ಕತ್ತಲಾಗುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಹಾಕಿ ಪ್ರಯೋಜನವಿಲ್ಲ, ತಿರುಗಿಸಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಅಷ್ಟರಲ್ಲಿ ರಸ್ತೆ ದಾಟುವ ಒಬ್ಬ ಅಜ್ಜಿ ಸಾಕು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು.

ಹುಡುಗರ ಮೇಲೆ ಸಮಾಜಕ್ಕಿರುವ ಸಿಟ್ಟು ಎಲ್ಲಿಗೆ ಮುಟ್ಟಿದೆ ಎಂಬುದೂ ಗೊತ್ತಿರುವ ಸಂಗತಿ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಬಳಿ ತುಮಕೂರು ಹೆದ್ದಾರಿಯಲ್ಲಿ ವೀಲಿಂಗ್ ಮಾಡುತ್ತಿದ್ದವರ ಸ್ಕೂಟರುಗಳನ್ನು ಜನರೇ ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದರು. 2025ರಲ್ಲಿ ಕರ್ನಾಟಕ ಹೈಕೋರ್ಟ್ ವೀಲಿಂಗ್ ಆರೋಪಿಯೊಬ್ಬನಿಗೆ ಜಾಮೀನು ನಿರಾಕರಿಸುತ್ತ, ಇದಕ್ಕೆ ಕಠಿಣ ಕಾನೂನು ಬೇಕೆಂದು ಸರ್ಕಾರಕ್ಕೆ ಹೇಳಿತು. ಈಗಿರುವ ಕಾನೂನೇನೂ ಸಣ್ಣದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ, ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ಹಠ ಮಾಡಿದ, ಕೀ ಕೊಟ್ಟೆವು’ ಎನ್ನುವ ಹೆತ್ತವರಲ್ಲಿ ಇದನ್ನು ತಿಳಿದವರೆಷ್ಟು?

ನಮ್ಮ ಮೊಹಲ್ಲಾಗಳಿಗೆ ಇನ್ನೊಂದು ಹೊರೆಯೂ ಇದೆ. ವೀಲಿಂಗ್ ಯಾವುದೇ ಒಂದು ಸಮುದಾಯದ ಚಟವಲ್ಲ. ಹೊಸ ವರ್ಷದ ರಾತ್ರಿ ಬೆಂಗಳೂರಿನ ಫ್ಲೈಓವರುಗಳನ್ನು ಮುಚ್ಚುವುದು ಎಲ್ಲ ಮನೆಗಳ ಹುಡುಗರಿಗಾಗಿ. ಆದರೆ ಸಿಕ್ಕಿಬಿದ್ದವನ ಹೆಸರು ನಮ್ಮವರದಾದರೆ ಮಸಿ ಅವನೊಬ್ಬನ ಮುಖಕ್ಕೆ ಮಾತ್ರ ಹತ್ತುವುದಿಲ್ಲ. ಅದನ್ನು ಕಂಡು ನಮ್ಮ ಹಿರಿಯರು ಹುಡುಗರನ್ನು ಬಯ್ಯುತ್ತಾರೆ. ಬಯ್ಗುಳ ಕೇಳಿ ಚಕ್ರ ಇಳಿಸಿದ ಹುಡುಗನನ್ನು ನಾವಿನ್ನೂ ನೋಡಿಲ್ಲ. ಎತ್ತುವುದನ್ನು ಅವನು ಮೊಬೈಲ್ ನೋಡಿ ಕಲಿಯುತ್ತಾನೆ. ಲೈಕು ಬೀಳುವುದು ಎತ್ತಿದ ಚಕ್ರಕ್ಕೆ, ಬ್ರೇಕಿನ ಮೇಲಿನ ಪಾದವನ್ನು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ.

ಎರಡು ವರ್ಷದ ಕೆಳಗೆ ಗ್ಯಾರೇಜಿನ ಹಿಂದಿನ ಬೀದಿಯ ಹುಡುಗನೊಬ್ಬ ಬಂದು, “ಭಾಯ್, ನಂಗೂ ಕಲಿಸಿ” ಎಂದ. ಅವನಿಗಾಗ ಹದಿನಾರು ದಾಟಿತ್ತು. ತಂದೆ ಆಟೋ ಓಡಿಸುತ್ತಾರೆ. ಮರುದಿನ ಅವನ ತಾಯಿಯೂ ಬಂದರು. “ಕಲಿಸಿದರೆ ಭಯ, ಕಲಿಸದಿದ್ದರೆ ಇನ್ನೂ ಭಯ. ನಾನೇನು ಮಾಡಲಿ, ನೀವೇ ಹೇಳಿ ಬೇಟಾ” ಎಂದರು. ನಾವು ನಾಲ್ವರೂ ಅಂದು ರಾತ್ರಿ ಬಹಳ ಹೊತ್ತು ಚರ್ಚಿಸಿದೆವು. ಕಲಿಸಿದರೆ ರಸ್ತೆಗೆ ಒಯ್ಯುತ್ತಾನೆ ಎಂದು ಇಬ್ಬರು, ಕಲಿಸದಿದ್ದರೆ ರಸ್ತೆಯಲ್ಲೇ ಕಲಿಯುತ್ತಾನೆ ಎಂದು ಇಬ್ಬರು. ಕೊನೆಗೆ ಅವನಿಗೆ ಹೇಳಿದ್ದಿಷ್ಟು: ಹದಿನೆಂಟು ತುಂಬಲಿ, ಲೈಸೆನ್ಸ್ ತೆಗೆದುಕೊಂಡು ಬಾ, ಅಂಗಳಕ್ಕೆ ಕರೆದೊಯ್ಯುತ್ತೇವೆ. ಅಲ್ಲಿಯವರೆಗೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯೋದು ಕಲಿ.

ಹುಡುಗ ಮಾತು ಉಳಿಸಿಕೊಂಡ. ಮೊನ್ನೆ ಲೈಸೆನ್ಸ್ ಹಿಡಿದು ಬಂದ. ಆದರೆ ಈ ನಡುವೆ ಅಂಗಳ ಮಾರಾಟವಾಗಿ ಅಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆ. ಉಸ್ತಾದ್ ಕೂಡ ಈಗಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕು ಇಲ್ಲಿಂದ ಸುಮಾರು 300 ಕಿ.ಮೀ. ದೂರ. ಆಟೋ ಚಾಲಕನ ಮಗನಿಗೆ ಅದು ಇನ್ನೂ ದೂರ. ಕ್ರಿಕೆಟ್ ಆಡುವ ಹುಡುಗರಿಗೆ ಮೈದಾನ ಕೇಳಿದರೆ ಯಾರೂ ನಗುವುದಿಲ್ಲ. ನಾಲ್ಕು ಗೋಡೆಯೊಳಗೆ, ಹೆಲ್ಮೆಟ್ ಹಾಕಿ, ಗುರುವಿನ ಕಣ್ಣೆದುರು ಬೈಕ್ ಓಡಿಸಲು ಒಂದು ತುಂಡು ಕಾಂಕ್ರೀಟು ಕೊಡಿ ಎಂದರೆ ಎಲ್ಲರೂ ನಗುತ್ತಾರೆ. ನಾವು ಇಬ್ಬರು ಹಣವಂತರನ್ನು ಕೇಳಿ ನೋಡಿದ್ದೇವೆ. ಇನ್ನೂ ಕೇಳುತ್ತೇವೆ. ಖಾಲಿ ಗೋದಾಮಿನ ಅಂಗಳವಿರುವವರು ಈ ಬರಹ ಓದುತ್ತಿದ್ದರೆ, ಭಾನುವಾರದ ಎರಡು ಗಂಟೆ ನಮಗೆ ಸಾಕು.

ಸದ್ಯಕ್ಕೆ ಆ ಹುಡುಗ ಭಾನುವಾರ ಗ್ಯಾರೇಜಿಗೆ ಬರುತ್ತಾನೆ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನ ಮೇಲೆ ಕೂತು ಬಲಗಾಲನ್ನು ಬ್ರೇಕಿನ ಮೇಲಿಡುವುದನ್ನು ಅಭ್ಯಾಸ ಮಾಡುತ್ತಾನೆ. ಹೊರಗೆ ಅವನ ವಯಸ್ಸಿನ ಹುಡುಗರು ಸ್ಕೂಟರಿನ ಮೂತಿ ಎತ್ತಿ ಕೇಕೆ ಹಾಕುತ್ತ ಹೋಗುತ್ತಾರೆ. ಅವನು ತಲೆಯೆತ್ತಿ ನೋಡುತ್ತಾನೆ, ಮತ್ತೆ ಕಾಲಿನ ಕಡೆ ನೋಡುತ್ತಾನೆ. ಎಷ್ಟು ಭಾನುವಾರ ತಾಳಿಯಾನು ಎಂಬುದೇ ನಮ್ಮ ಚಿಂತೆ.